ಮುತ್ತಲ ಹೂವಿಗೆ ಮಾಲಿ ಯಾರು?

ಶಿವರಾತ್ರಿ ಕಳೆದು ಹೋಳಿ ಹುಣ್ಣಿಮೆ ಸಮೀಪಿಸುವ ಹೊತ್ತಿಗೆ ಕಲಬುರಗಿ ಸೀಮೆಯ ಹೊಲಗಳು ಬೋಳಾಗಿರುತ್ತವೆ. ತೊಗರಿ ಎಂದೋ ಮನೆ ಸೇರಿರುತ್ತದೆ. ಕಡಲೆ ಕಿತ್ತಾಗಿರುತ್ತದೆ. ಬಿಳಿಜೋಳದ ರಾಶಿ ನಡೆದಿರುತ್ತದೆ. ಎರೆಭೂಮಿ ಅಲ್ಲಲ್ಲಿ ಬಾಯಿ ಬಿಡಲು ಆರಂಭಿಸಿರುತ್ತದೆ. ಹಸಿರು ಹುಡುಕಿದರೂ ಸಿಗದ ಇಂಥ ದಿನಗಳಲ್ಲಿ ಹುಮನಾಬಾದ್ ಬಸ್ಸು ಹತ್ತಿದವರು, ಮಹಾಗಾಂವ ಕ್ರಾಸ್ ದಾಟಿ ಕಮಲಾಪುರದತ್ತ ಸಾಗುವಾಗ ಕಿಟಕಿಯಾಚೆ ಒಮ್ಮೆ ಕಣ್ಣು ಹಾಯಿಸಬೇಕು. ಬದುವಿನ ಮೇಲೆ ಒಂದೂ ಎಲೆಯಿಲ್ಲದ ಸೊಟ್ಟ ಗಿಡ. ಮೈತುಂಬ ಕೆಂಡ ಸುರಿದಂತೆ ಹೂವು. ಅದೇ ಮುತ್ತುಗ. ನಮ್ಮ ಕಡೆಯ ಜನರ ಬಾಯಲ್ಲಿ ಮುತ್ತಲ.

ಇದೇ ವಾರಗಳಲ್ಲಿ ದೂರದ ಹಿಮಾಲಯದ ಇಳಿಜಾರುಗಳಲ್ಲಿ ಇನ್ನೊಂದು ಮರ ಕೆಂಪಾಗಿ ಅರಳುತ್ತದೆ. ಅದರ ಹೆಸರು ರೋಡೊಡೆಂಡ್ರಾನ್. ಗ್ರೀಕ್ ಭಾಷೆಯಲ್ಲಿ 'ರೋಡಾನ್' ಎಂದರೆ ಗುಲಾಬಿ, 'ಡೆಂಡ್ರಾನ್' ಎಂದರೆ ಮರ. ಉತ್ತರಾಖಂಡದವರು ಅದನ್ನು ಬುರಾಂಶ್ ಎಂದು ಕರೆದು, ಅದರ ಹೂವಿನಿಂದ ಶರಬತ್ತು ಮಾಡಿ ಕುಡಿಯುತ್ತಾರೆ. ಅದು ಆ ರಾಜ್ಯದ ರಾಜ್ಯವೃಕ್ಷ; ನೆರೆಯ ನೇಪಾಳದ ರಾಷ್ಟ್ರೀಯ ಪುಷ್ಪ. ಪುಸ್ತಕದಲ್ಲೋ ದೂರದರ್ಶನದಲ್ಲೋ ಅದರ ಚಿತ್ರ ಕಂಡ ಮಕ್ಕಳು ತರಗತಿಯಲ್ಲಿ ಒಂದಲ್ಲ ಒಂದು ಸಲ ಕೇಳಿಯೇ ಕೇಳುತ್ತಾರೆ: "ಸರ, ಆ ಹೂವಿನ ಗಿಡ ನಮ್ಮ ಸಾಲ್ಯಾಗ ಯಾಕ ಹಚ್ಚಬಾರದ್ರಿ?"

ಪ್ರಶ್ನೆ ಸಣ್ಣದು. ಅದಕ್ಕೆ ಉತ್ತರ ಹುಡುಕುತ್ತ ಹೋದರೆ ರಸಾಯನಶಾಸ್ತ್ರ, ಸಸ್ಯಶಾಸ್ತ್ರ ಎರಡೂ ಬರುತ್ತವೆ. ಕೊನೆಗೆ ನಮ್ಮ ಊರಿನ ಒಂದು ದೊಡ್ಡ ಕೊರತೆಯೂ ಕಣ್ಣಿಗೆ ಬೀಳುತ್ತದೆ.

ಮಣ್ಣು ಒಪ್ಪಬೇಕು

ರೋಡೊಡೆಂಡ್ರಾನ್ ಕುಲದಲ್ಲಿ ಸುಮಾರು 1000 ಪ್ರಭೇದಗಳಿವೆ. ಅವುಗಳಲ್ಲಿ ಬಹುಪಾಲು ಹಿಮಾಲಯ ಹಾಗೂ ಅದಕ್ಕೆ ಹೊಂದಿದ ಚೀನಾದ ಬೆಟ್ಟಗಳ ವಾಸಿಗಳು. ದಕ್ಷಿಣ ಭಾರತದಲ್ಲಿಯೂ ಇದರ ಒಂದು ಬಗೆ ಉಂಟು. ನೀಲಗಿರಿಯ ಎತ್ತರದ ಶೋಲಾ ಕಾಡುಗಳ ಅಂಚಿನಲ್ಲಿ ಕೆಂಪು ಹೂ ಬಿಡುತ್ತದೆ. ಇವಕ್ಕೆ ತಂಪು ಹವೆ ಬೇಕು, ಗಾಳಿಯಲ್ಲಿ ತೇವ ಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಹುಳಿ ಮಣ್ಣು ಬೇಕು. ಮಣ್ಣಿನ ಪಿಎಚ್ ಮೌಲ್ಯ 4.5 ರಿಂದ 6 ರ ಒಳಗಿದ್ದರೆ ಅವು ಸುಖವಾಗಿರುತ್ತವೆ.

ನಮ್ಮ ಎರೆಭೂಮಿಯ ಕಥೆ ಇದಕ್ಕೆ ತದ್ವಿರುದ್ಧ. ಇದು ದಖ್ಖನಿನ ಕಪ್ಪು ಶಿಲೆ ಕರಗಿ ಆದ ಮಣ್ಣು. ಸುಣ್ಣದ ಅಂಶ ಇದರಲ್ಲಿ ಹೇರಳ. ಹೊಲ ಅಗೆದಾಗ ಸಿಗುವ ಬಿಳಿ ಹರಳುಗಳನ್ನು ಮಕ್ಕಳೆಲ್ಲ ನೋಡಿದ್ದಾರೆ. ಅಂಥ ಒಂದು ಹರಳನ್ನು ಶಾಲೆಗೆ ತಂದು, ಗುರುಗಳ ಸಮ್ಮುಖದಲ್ಲಿ ಸಾರರಿಕ್ತ ಹೈಡ್ರೋಕ್ಲೋರಿಕ್ ಆಮ್ಲದ ಒಂದೆರಡು ಹನಿ ಹಾಕಿ ನೋಡಿ. ಬುಸುಬುಸು ನೊರೆ ಏಳುತ್ತದೆ. ಹೊರಬರುವುದು ಕಾರ್ಬನ್ ಡೈಆಕ್ಸೈಡ್. ಹರಳು ಕ್ಯಾಲ್ಸಿಯಂ ಕಾರ್ಬೊನೇಟ್ ಎಂಬುದಕ್ಕೆ ಅದೇ ಸಾಕ್ಷಿ. ಇಂಥ ಮಣ್ಣಿನ ಪಿಎಚ್ ಸಾಮಾನ್ಯವಾಗಿ 7.5 ದಾಟಿರುತ್ತದೆ, ಎಷ್ಟೋ ಕಡೆ 8 ನ್ನೂ ಮೀರುತ್ತದೆ.

ಪಿಎಚ್ ಒಂದು ಅಂಕಿ ಹೆಚ್ಚಿದರೆ ಏನು ಮಹಾ ಎನ್ನಬೇಡಿ. ಈ ಅಳತೆಗೋಲಿನಲ್ಲಿ ಒಂದು ಅಂಕಿ ಎಂದರೆ ಹತ್ತು ಪಟ್ಟು ವ್ಯತ್ಯಾಸ. ಮಣ್ಣಿನ ನೀರಿನಲ್ಲಿ ಕರಗುವ ಫೆರಿಕ್ ಕಬ್ಬಿಣವಂತೂ ಪಿಎಚ್ ಒಂದು ಅಂಕಿ ಏರಿದಾಗ ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ನಮ್ಮ ಮಣ್ಣಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ, ಬೇಕಾದಷ್ಟಿದೆ. ಆದರೆ ಅದು ಕರಗದೆ ಕುಳಿತಿದೆ. ಕಣಜದಲ್ಲಿ ಜೋಳವಿದ್ದು ಬಾಗಿಲಿಗೆ ಬೀಗ ಹಾಕಿದಂತೆ! ಕಬ್ಬಿಣ ಸಿಗದಿದ್ದರೆ ಎಲೆಯಲ್ಲಿ ಪತ್ರಹರಿತ್ತು ತಯಾರಾಗದು. ಎಲೆಯ ನರಗಳು ಮಾತ್ರ ಹಸಿರಾಗಿ ಉಳಿದು ನಡುವಿನ ಭಾಗ ಹಳದಿಗೆ ತಿರುಗುತ್ತದೆ. ಸುಣ್ಣ ಹೆಚ್ಚಾದ ಹೊಲದಲ್ಲಿ ಶೇಂಗಾ ಬಿತ್ತಿದ ರೈತರಿಗೆ ಈ ರೋಗ ಗೊತ್ತು. ಅದಕ್ಕೆಂದೇ ಅವರು ಅನ್ನಭೇದಿಯ ದ್ರಾವಣ ಸಿಂಪಡಿಸುತ್ತಾರೆ. ಅನ್ನಭೇದಿ ಎಂದರೆ ಫೆರಸ್ ಸಲ್ಫೇಟ್. ಶೇಂಗಾ ಹೇಗೋ ಸುಧಾರಿಸಿಕೊಂಡೀತು. ರೋಡೊಡೆಂಡ್ರಾನ್ ಸುಧಾರಿಸಿಕೊಳ್ಳದು. ಅದರ ಮೇಲೆ ನಮ್ಮ ಬೇಸಿಗೆಯ 42 - 43 ಡಿಗ್ರಿ ಬಿಸಿಲು ಬೇರೆ. ಆದ್ದರಿಂದ ಆ ಗಿಡವನ್ನು ಇಲ್ಲಿಗೆ ತಂದು ಕೊಲ್ಲುವುದು ಬೇಡ.

ಒಂದು ತೋಟ ಕಲಿಸುವ ಪಾಠ

ಗಿಡ ಬೇಡ. ಆದರೆ ಆ ಗಿಡವನ್ನು ಪ್ರೀತಿಸುವ ಜನರಿಂದ ಕಲಿಯಬೇಕಾದ್ದು ಇದೆ. ಅಮೆರಿಕದ ಆರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದಲ್ಲಿ ಕ್ರಿಸ್ಟಲ್ ಸ್ಪ್ರಿಂಗ್ಸ್ ಎಂಬ ಸಾರ್ವಜನಿಕ ರೋಡೊಡೆಂಡ್ರಾನ್ ಉದ್ಯಾನವಿದೆ. 1950 ರಲ್ಲಿ ಪ್ರಯೋಗದ ತೋಟವಾಗಿ ಅದು ಆರಂಭವಾಯಿತು. ಹತ್ತು ಎಕರೆಗೂ ತುಸು ಕಡಿಮೆ ಜಾಗ. ಅದರಲ್ಲಿ ಎರಡು ಸಾವಿರಕ್ಕೂ ಮಿಕ್ಕಿ ಗಿಡಗಳು. ಏಪ್ರಿಲ್, ಮೇ ತಿಂಗಳಲ್ಲಿ ಅಲ್ಲಿ ಬಣ್ಣದ ಜಾತ್ರೆಯೇ ನೆರೆಯುತ್ತದೆ. ಅಂಥ ಎಷ್ಟೋ ತೋಟಗಳ ಗಿಡಗಳ ಪೂರ್ವಿಕರು ನಮ್ಮ ಹಿಮಾಲಯದವರು ಎಂಬುದು ಸ್ವಾರಸ್ಯದ ಸಂಗತಿ. ಜೋಸೆಫ್ ಹುಕರ್ ಎಂಬ ಆಂಗ್ಲ ಸಸ್ಯವಿಜ್ಞಾನಿ 1848 ರಿಂದ 1850 ರವರೆಗೆ ಸಿಕ್ಕಿಂ ಕಣಿವೆಗಳನ್ನು ಸುತ್ತಿ, ರೋಡೊಡೆಂಡ್ರಾನ್ ಬೀಜಗಳನ್ನು ಲಂಡನ್ನಿನ ಕ್ಯೂ ಉದ್ಯಾನಕ್ಕೆ ಕಳುಹಿಸಿದ. ಅಲ್ಲಿಂದ ಆ ಹೂವಿನ ಹುಚ್ಚು ಪಶ್ಚಿಮದ ದೇಶಗಳಿಗೆಲ್ಲ ಹಬ್ಬಿತು.

ಆ ಉದ್ಯಾನ ನಡೆಯುವುದು ನಗರಾಡಳಿತ ಮತ್ತು ಸ್ವಯಂಸೇವಕರ ಜೋಡಿ ದುಡಿಮೆಯಿಂದ. ಸಸ್ಯಪ್ರೇಮಿಗಳ ಸಂಘದವರು ಬಂದು ಮಣ್ಣಿನಲ್ಲಿ ಕೈ ಇಡುತ್ತಾರೆ. ಅವರ ಕೆಲಸಗಳೇನೂ ದೊಡ್ಡವಲ್ಲ. ಬಾಡಿದ ಹೂಗೊಂಚಲನ್ನು ಬೆರಳಿನಿಂದ ಚಿವುಟಿ ತೆಗೆಯುವುದು ಒಂದು. ಹೀಗೆ ಮಾಡಿದರೆ ಗಿಡ ಬೀಜ ಕಟ್ಟಲು ಶಕ್ತಿ ವ್ಯಯ ಮಾಡದೆ ಮುಂದಿನ ವರ್ಷದ ಮೊಗ್ಗಿಗೆ ಉಳಿಸಿಕೊಳ್ಳುತ್ತದೆ. ಬುಡಕ್ಕೆ ಒಣ ಎಲೆ, ತೊಗಟೆಚೂರುಗಳ ಮುಚ್ಚಿಗೆ ಹಾಕುವುದು ಇನ್ನೊಂದು. ಈ ಗಿಡದ ಬೇರು ಮೇಲೆಮೇಲೆಯೇ ಹರಡುವುದರಿಂದ ಗುದ್ದಲಿ ಮುಟ್ಟಿಸದೆ ಕಳೆಯನ್ನು ಕೈಯಿಂದ ಕೀಳುವುದು ಮತ್ತೊಂದು. ಇಂಥ ಚಿಲ್ಲರೆ ಕೆಲಸಗಳನ್ನು ವರ್ಷಾನುಗಟ್ಟಲೆ ಬಿಡದೆ ಮಾಡಿದ್ದರಿಂದ ಅದು ಉದ್ಯಾನವಾಗಿ ಉಳಿದಿದೆ.

ಈಗ ನಮ್ಮ ಕಡೆಗೆ ತಿರುಗೋಣ. ಕಲಬುರಗಿ ನಗರದಲ್ಲಿ ಸಾರ್ವಜನಿಕ ಉದ್ಯಾನವಿದೆ. ಬಡಾವಣೆಗೊಂದು ಪಾರ್ಕ್ ಇದೆ. ಊರೂರಿಗೆ ಶಾಲೆಯ ಅಂಗಳವಿದೆ, ಗುಡಿಯ ಪೌಳಿಯಿದೆ, ದರ್ಗಾದ ಆವರಣವಿದೆ, ಕೆರೆಯ ಏರಿಯಿದೆ, ರಸ್ತೆಯ ಬದಿಯಿದೆ. ಇವೆಲ್ಲ ಸೇರಿದರೆ ಬೇಲಿಯಿಲ್ಲದ ಒಂದು ದೊಡ್ಡ ತೋಟವಾಗುತ್ತದೆ. ಅದಕ್ಕೆ ಮಾಲಿ ಯಾರು?

ಬೇಲಿಯಿಲ್ಲದ ತೋಟದ ಹೂಗಳು

ಮೊದಲು ತೋಟದಲ್ಲಿ ಏನಿದೆ ಎಂದು ನೋಡೋಣ. ಮುತ್ತಲದಿಂದಲೇ ಆರಂಭಿಸೋಣ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಬ್ಯೂಟಿಯಾ ಮಾನೊಸ್ಪರ್ಮಾ. 'ಮಾನೊಸ್ಪರ್ಮಾ' ಎಂದರೆ ಒಂದೇ ಬೀಜದ್ದು. ಚಪ್ಪಟೆಯಾದ ಕಾಯಿಯ ತುದಿಯಲ್ಲಿ ಒಂದೇ ಬೀಜವಿರುತ್ತದೆ. ಉಳಿದ ಭಾಗ ಗಾಳಿಯಲ್ಲಿ ತೇಲಲು ರೆಕ್ಕೆಯಾಗುತ್ತದೆ. ಸಂಸ್ಕೃತದಲ್ಲಿ ಇದು ಪಲಾಶ, ಕಿಂಶುಕ. ಹೂವಿನ ಬಾಗಿದ ದಳ ಗಿಳಿಯ ಕೊಕ್ಕಿನಂತೆ ಕಾಣುವುದರಿಂದ 'ಇದೇನು ಗಿಳಿಯೋ?' ಎಂದು ಕೇಳುವ ಹೆಸರು! 1757 ರ ಪ್ಲಾಸಿ ಕದನವನ್ನು ಇತಿಹಾಸದಲ್ಲಿ ಓದಿದ್ದೀರಲ್ಲ, ಬಂಗಾಳದ ಆ ಊರಿಗೆ ಪಲಾಶಿ ಎಂಬ ಹೆಸರು ಬಂದದ್ದು ಈ ಮರದಿಂದ. ನಮ್ಮ ಭಾಗದ ಲಂಬಾಣಿ ತಾಂಡಾಗಳಲ್ಲಿ ಇದೇ ಹೂವು ಕೇಸೂಲಾ.

ಉರಿಬಿಸಿಲಿಗೆ ಮುನ್ನ ಎಲೆ ಉದುರಿಸುವುದು ಮುತ್ತಲದ ಜಾಣತನ. ಎಲೆಯಿದ್ದರೆ ನೀರು ಆವಿಯಾಗಿ ಹೋಗುತ್ತದೆ. ಎಲೆಯಿಲ್ಲದಿದ್ದರೆ ನೀರು ಉಳಿಯುತ್ತದೆ, ಜೊತೆಗೆ ಹೂವು ದೂರದವರೆಗೆ ಕಾಣುತ್ತದೆ. ಯಾರಿಗೆ ಕಾಣಬೇಕು? ಹಕ್ಕಿಗಳಿಗೆ. ಮೈನಾ, ಗಿಳಿ, ಪಿಕಳಾರ, ಕಾಗೆ ಎಲ್ಲವೂ ಮಕರಂದಕ್ಕಾಗಿ ಮುಗಿಬೀಳುತ್ತವೆ. ಆದರೆ ಬಂದವರೆಲ್ಲ ಕೆಲಸ ಮಾಡುವುದಿಲ್ಲ. ದೆಹಲಿ ವಿಶ್ವವಿದ್ಯಾಲಯದ ಸಸ್ಯವಿಜ್ಞಾನಿಗಳು 2003 ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಷ್ಟು ಹಕ್ಕಿಗಳ ನಡುವೆ ಪರಾಗಸ್ಪರ್ಶವನ್ನು ನಿಜವಾಗಿ ಸಾಧಿಸುವುದು ನೇರಳೆ ಬಣ್ಣದ ಸೂರಕ್ಕಿ. ಅದರ ಜೊತೆಗೆ ನಮ್ಮ ಅಂಗಳದ ಅಳಿಲು! ಉಳಿದ ಹಲವು ಮಕರಂದ ಕುಡಿದು ಹೋಗುತ್ತವೆ, ಪರಾಗ ಸಾಗಿಸುವುದಿಲ್ಲ. ಹೀಗಾಗಿ ಮರ ತುಂಬ ಹೂವಿದ್ದರೂ ಕಾಯಿ ಕಟ್ಟುವುದು ಕೆಲವೇ.

ರೋಡೊಡೆಂಡ್ರಾನಿಗೆ ಮುನಿಯುವ ಎರೆಮಣ್ಣು ಮುತ್ತಲಕ್ಕೆ ತವರುಮನೆ. ಸುಣ್ಣವಿರಲಿ, ತುಸು ಉಪ್ಪಿರಲಿ, ಮಳೆಗಾಲದಲ್ಲಿ ನೀರು ನಿಲ್ಲಲಿ, ಅದು ಜಗ್ಗುವುದಿಲ್ಲ. ಕಡಿದರೆ ಬೇರಿನಿಂದ ಮತ್ತೆ ಚಿಗುರುತ್ತದೆ. ಆದರೆ ಬೆಳೆಯುವುದು ಮಾತ್ರ ಬಹಳ ನಿಧಾನ. ಒಂದು ದೊಡ್ಡ ಮುತ್ತಲ ಕಳೆದುಕೊಂಡರೆ ಅದರ ಜಾಗ ತುಂಬಲು ಒಂದು ತಲೆಮಾರು ಕಾಯಬೇಕು.

ಮುತ್ತಲದ ಜೊತೆಗಾರರೂ ಇದ್ದಾರೆ. ಅದಕ್ಕಿಂತ ಸ್ವಲ್ಪ ಮೊದಲೇ ಬೂರುಗ ತನ್ನ ದಪ್ಪ ದಳದ ಕೆಂಪು ಹೂ ಬಿಡುತ್ತದೆ. ಯುಗಾದಿಯ ಹೊತ್ತಿಗೆ ಬೇವಿನ ಸರದಿ. ಬೇವುಬೆಲ್ಲಕ್ಕೆ ಹೂ ಕೀಳುವಾಗ ಒಂದು ಪ್ರಶ್ನೆ ಕೇಳಿಕೊಳ್ಳಿ: ಇಷ್ಟು ಬಿಸಿಲಲ್ಲಿ ಬೇವು ಹೂ ಬಿಡುವುದೇಕೆ? ಉತ್ತರ ಮಳೆಗಾಲದಲ್ಲಿದೆ. ಈಗ ಹೂವಾದರೆ ಜೂನ್, ಜುಲೈ ಹೊತ್ತಿಗೆ ಹಣ್ಣಾಗುತ್ತದೆ. ಬೇವಿನ ಬೀಜ ಬಹಳ ದಿನ ಜೀವ ಹಿಡಿದು ಇರುವುದಿಲ್ಲ. ಕೆಲವು ವಾರಗಳಲ್ಲಿಯೇ ಮೊಳೆಯುವ ಶಕ್ತಿ ಕುಂದತೊಡಗುತ್ತದೆ. ಆದ್ದರಿಂದ ಹಸಿ ನೆಲ ಸಿದ್ಧವಿರುವಾಗಲೇ ಬೀಜ ನೆಲಕ್ಕೆ ಬೀಳಬೇಕು. ಮರ ಲೆಕ್ಕ ತಪ್ಪುವುದಿಲ್ಲ.

ಬೇವಿನ ಬೆನ್ನಿಗೇ ಹುಲಗಲ, ಎಂದರೆ ಹೊಂಗೆ. ಬಿಸಿಲು ನೆತ್ತಿಗೇರಿದಾಗಲೇ ಅದು ಹೊಸ ಎಲೆ ತೊಟ್ಟು, ನೆಲದ ಮೇಲೆ ತಿಳಿನೇರಳೆ ಹೂ ಚೆಲ್ಲುತ್ತದೆ. ಏಪ್ರಿಲ್, ಮೇಯಲ್ಲಿ ಕಕ್ಕೆಯ ಚಿನ್ನದ ಸರಗಳು ತೂಗುತ್ತವೆ. ಕಕ್ಕೆಯ ಹೂವೊಂದನ್ನು ಬಿಡಿಸಿ ನೋಡಿದರೆ ಹತ್ತು ಕೇಸರಗಳು ಸಿಗುತ್ತವೆ. ಮೂರು ಉದ್ದ, ನಾಲ್ಕು ಮಧ್ಯಮ, ಮೂರು ಗಿಡ್ಡ. ದೊಡ್ಡ ಕಪ್ಪು ದುಂಬಿ ಹೂವನ್ನು ಹಿಡಿದು ರೆಕ್ಕೆಯ ಸ್ನಾಯುಗಳನ್ನು ಝೇಂಕರಿಸಿದಾಗ, ಶ್ರುತಿಕವೆ ಮಿಡಿದಂತೆ ಕೇಸರಗಳು ಕಂಪಿಸಿ ಪರಾಗ ಉದುರುತ್ತದೆ. ನಡುವಿನ ಕೇಸರಗಳ ಪರಾಗ ದುಂಬಿಯ ಊಟಕ್ಕೆ. ಉದ್ದ ಕೇಸರಗಳ ಪರಾಗ ಅದರ ಮೈಗಂಟಿ ಮುಂದಿನ ಹೂವಿಗೆ. ಒಂಬತ್ತನೆಯ ತರಗತಿಯ ಶಬ್ದದ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ?

ಹೀಗೆ ಒಂದರ ಹಿಂದೊಂದು ಹೂ ಬರುವಂತೆ ಊರನ್ನೇ ನೆಡಬಹುದು ಎಂದು ತೋರಿಸಿದವರು ಜರ್ಮನಿಯ ಗುಸ್ತಾವ್ ಕ್ರುಂಬಿಗಲ್. 1908 ರಿಂದ 1932 ರವರೆಗೆ ಬೆಂಗಳೂರಿನ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಅವರು, ಒಂದು ಬೀದಿಯ ಮರ ಹೂ ಮುಗಿಸುವ ಹೊತ್ತಿಗೆ ಇನ್ನೊಂದು ಬೀದಿಯ ಮರ ಅರಳುವಂತೆ ಜಾತಿಗಳನ್ನು ಆರಿಸಿ ನೆಡಿಸಿದರು. ಅವರು ಬಳಸಿದವುಗಳಲ್ಲಿ ಹಲವು ಹೊರದೇಶದ ಮರಗಳು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಬೂರುಗ, ಮುತ್ತಲ, ಬೇವು, ಹುಲಗಲ, ಕಕ್ಕೆ, ಈ ಐದನ್ನು ನೆಟ್ಟರೆ ಜನವರಿಯಿಂದ ಮೇವರೆಗೆ ಶಾಲೆಯ ಅಂಗಳದಲ್ಲಿ ಹೂ ತಪ್ಪದು. ಇವು ನಮ್ಮ ಮಣ್ಣು, ಮಳೆ, ಬಿಸಿಲು ಮೂರನ್ನೂ ಬಲ್ಲವು.

ಜೂನ್‌ನಲ್ಲಿ ಹುಟ್ಟಿ, ಮೇಯಲ್ಲಿ ಸಾಯುವ ಗಿಡ

ನೆಡುವುದರಲ್ಲಿ ನಾವು ಹಿಂದೆ ಬಿದ್ದವರಲ್ಲ. ಅಂದಿನ ಕೇಂದ್ರ ಸಚಿವ ಕೆ. ಎಂ. ಮುನ್ಶಿ ಅವರು 1950 ರಲ್ಲಿ ವನಮಹೋತ್ಸವ ಆರಂಭಿಸಿದ ಮೇಲೆ ಪ್ರತಿ ಮಳೆಗಾಲದಲ್ಲಿಯೂ ಶಾಲೆ, ಕಚೇರಿ, ಪಂಚಾಯಿತಿಗಳಲ್ಲಿ ಗಿಡ ನೆಡುವ ಸಮಾರಂಭ ನಡೆಯುತ್ತಲೇ ಇದೆ. ಭಾಷಣವಾಗುತ್ತದೆ, ಫೋಟೋ ತೆಗೆಯುತ್ತಾರೆ, ಮಕ್ಕಳಿಗೆ ಪೆಪ್ಪರ್‌ಮಿಂಟು ಹಂಚುತ್ತಾರೆ. ಮಳೆಗಾಲ, ಚಳಿಗಾಲ ಹೇಗೋ ಕಳೆಯುತ್ತದೆ. ಫೆಬ್ರುವರಿಯಿಂದ ನಿಜವಾದ ಪರೀಕ್ಷೆ ಶುರು.

ಇಲ್ಲಿಯೇ ನಮ್ಮ ಶಾಲೆಯ ಪಂಚಾಂಗಕ್ಕೂ ಗಿಡದ ಪಂಚಾಂಗಕ್ಕೂ ತಾಳ ತಪ್ಪುವುದು. ಏಪ್ರಿಲ್ ಎರಡನೆಯ ವಾರ ಶಾಲೆಗೆ ಬೇಸಿಗೆ ರಜೆ ಬೀಳುತ್ತದೆ. ಮತ್ತೆ ಗಂಟೆ ಬಾರಿಸುವುದು ಮೇ ಕೊನೆಗೆ. ನಡುವಿನ ಏಳು ವಾರ ವರ್ಷದ ಕಡು ಬಿಸಿಲಿನ ವಾರಗಳು. ಎರೆಮಣ್ಣು ಒಣಗಿ ಕುಗ್ಗಿ ಬಿರುಕು ಬಿಡುತ್ತದೆ. ಆ ಬಿರುಕು ಎಳೆಯ ಬೇರುಗಳನ್ನು ಹರಿಯುತ್ತದೆ, ಒಳಗಿನ ತೇವವನ್ನೂ ಹೊರಗೆಳೆಯುತ್ತದೆ. ಶಾಲೆಗೆ ಬೀಗ. ನೀರು ಹಾಕುವವರಿಲ್ಲ. ಗೇಟು ತೆರೆದಿದ್ದರೆ ಆಡುಗಳಿಗೆ ಹಬ್ಬ. ಜೂನ್‌ನಲ್ಲಿ ಮಕ್ಕಳು ಮರಳಿ ಬಂದಾಗ ಉಳಿದಿರುವುದು ಒಣಗಿದ ಕಡ್ಡಿ. ಅದೇ ಗುಂಡಿಯಲ್ಲಿ ಮತ್ತೊಂದು ಸಸಿ, ಮತ್ತೊಂದು ಭಾಷಣ.

ಇದರಿಂದ ಆಗುವ ನಷ್ಟ ಬರಿಯ ಸಸಿಯದಲ್ಲ. ತಾನು ನೆಟ್ಟ ಗಿಡ ಸತ್ತದ್ದನ್ನು ಎರಡು ಮೂರು ವರ್ಷ ಕಂಡ ಮಗು, ಗಿಡ ನೆಡುವುದು ಒಂದು ನಾಟಕ ಎಂದು ತೀರ್ಮಾನಿಸುತ್ತದೆ. ಪರಿಸರ ವಿಜ್ಞಾನದ ಯಾವ ಪಾಠವೂ ಆ ತೀರ್ಮಾನವನ್ನು ಅಳಿಸಲಾರದು.

ನಾಡಿನಲ್ಲಿ ಬೇರೆ ದಾರಿ ತೋರಿದವರಿದ್ದಾರೆ. ಸಾಲುಮರದ ತಿಮ್ಮಕ್ಕನವರ ಹೆಸರು ಕೇಳದ ಮಕ್ಕಳಿಲ್ಲ. ಮಾಗಡಿ ತಾಲ್ಲೂಕಿನ ಹುಳಿಕಲ್ಲಿನಿಂದ ಕುದೂರಿಗೆ ಹೋಗುವ ರಸ್ತೆಯಲ್ಲಿ ಅವರು ಮತ್ತು ಪತಿ ಚಿಕ್ಕಯ್ಯ ಬೆಳೆಸಿದ ಆಲದ ಮರಗಳು 385 ಎನ್ನುತ್ತಾರೆ. 2019 ರಲ್ಲಿ ಅವರಿಗೆ ಪದ್ಮಶ್ರೀ ಬಂತು. 2025 ರ ನವೆಂಬರ್ 14 ರಂದು ಅವರು ತೀರಿಕೊಂಡರು. ಪಠ್ಯದಲ್ಲಿ ಮಕ್ಕಳು ಓದುವುದು ಅವರು ಮರ ನೆಟ್ಟರು ಎಂದು. ನಿಜವಾಗಿ ಅವರು ಮಾಡಿದ ಹಿರಿದಾದ ಕೆಲಸ ನೆಟ್ಟ ನಂತರದ್ದು. ಕೊಡ ಹೊತ್ತು ಮೈಲಿಗಟ್ಟಲೆ ನಡೆದು ನೀರು ಹಾಕಿದರು. ದನಕರು ಬಾಯಿ ಹಾಕದಂತೆ ಮುಳ್ಳು ಕಟ್ಟಿದರು. ಗಿಡ ತನ್ನ ಕಾಲ ಮೇಲೆ ತಾನು ನಿಲ್ಲುವವರೆಗೆ ಬಿಡಲಿಲ್ಲ. ಅರಣ್ಯ ಇಲಾಖೆಯ ಕೃಷಿ ಅರಣ್ಯ ಪ್ರೋತ್ಸಾಹ ಯೋಜನೆಯೂ ಇದೇ ತತ್ವದ ಮೇಲೆ ನಿಂತಿದೆ. ರೈತನಿಗೆ ಹಣ ಸಿಗುವುದು ನೆಟ್ಟ ಸಸಿಗಲ್ಲ. ಮೂರು ವರ್ಷಗಳಲ್ಲಿ ವರ್ಷವರ್ಷವೂ ಎಣಿಸಿದಾಗ ಬದುಕಿರುವ ಸಸಿಗೆ. ಶಾಲೆಗಳಲ್ಲಿಯೂ ನೆಟ್ಟವರಿಗೆ ಕೊಡುವ ಬಹುಮಾನವನ್ನು ನಿಲ್ಲಿಸಿ, ಎರಡನೆಯ ಜೂನ್‌ನಲ್ಲಿ ಬದುಕಿರುವ ಗಿಡದ ಪಾಲಕರಿಗೆ ಕೊಡುವುದು ಒಳ್ಳೆಯದು.

ಅರ್ಧ ಬಾಟಲಿ ನೀರಿನ ಲೆಕ್ಕ

ನೀರಿಲ್ಲದ ಸೀಮೆಯಲ್ಲಿ ಗಿಡಕ್ಕೆ ನೀರೆಲ್ಲಿಂದ ತರುವುದು ಎಂಬ ಪ್ರಶ್ನೆ ನ್ಯಾಯವಾದದ್ದೇ. ಲೆಕ್ಕ ಹಾಕಿ ನೋಡೋಣ. ವರ್ಷ ತುಂಬದ ಒಂದು ಸಸಿಗೆ ಬೇಸಿಗೆಯಲ್ಲಿ ವಾರಕ್ಕೆ ಎರಡು ಸಲ 10 ಲೀಟರಿನಂತೆ 20 ಲೀಟರ್ ನೀರು ಸಾಕು ಎಂದು ಇಟ್ಟುಕೊಳ್ಳಿ. ಒಂದು ತರಗತಿಯಲ್ಲಿ 40 ಮಕ್ಕಳು. ಸಂಜೆ ಗಂಟೆ ಹೊಡೆದಾಗ ಪ್ರತಿಯೊಬ್ಬರ ಬಾಟಲಿಯಲ್ಲಿ ಅರ್ಧ ಲೀಟರ್ ಉಳಿದಿದ್ದರೆ ದಿನಕ್ಕೆ 20 ಲೀಟರ್. ವಾರದ ಆರು ದಿನಕ್ಕೆ 120 ಲೀಟರ್. ಎಂದರೆ ಒಂದು ತರಗತಿ ಆರು ಸಸಿಗಳನ್ನು ಸಾಕಬಲ್ಲದು. ಆರು ತರಗತಿಗಳ ಶಾಲೆಯಾದರೆ 36 ಸಸಿ. ಹೊಸ ಕೊಳವೆಬಾವಿ ಬೇಡ, ಟ್ಯಾಂಕರ್ ಬೇಡ.

ಇನ್ನು ರಜೆಯ ಏಳು ವಾರ. ಒಂದು ಸಸಿಗೆ 140 ಲೀಟರ್ ಬೇಕು. ಶಾಲೆಯ ಹತ್ತಿರದ ನಾಲ್ಕು ಮನೆಯ ಮಕ್ಕಳು ಒಂದೊಂದು ಸಸಿಯನ್ನು ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದು 35 ಲೀಟರ್. ವಾರಕ್ಕೆ 5 ಲೀಟರ್. ಅಕ್ಕಿ, ಬೇಳೆ, ತರಕಾರಿ ತೊಳೆದ ನೀರೇ ಇಷ್ಟಾಗುತ್ತದೆ. ಸಾಬೂನಿನ ನೀರು ಮಾತ್ರ ಬೇಡ. ತಾಯಂದಿರು ಈ ನೀರನ್ನು ಮೋರಿಗೆ ಚೆಲ್ಲದೆ ಒಂದು ಕೊಡದಲ್ಲಿ ತೆಗೆದಿಟ್ಟರೆ ಒಂದು ಬೇವು ಬದುಕುತ್ತದೆ. ರಜೆಗೆ ಅಜ್ಜಿಯ ಊರಿಗೆ ಹೋಗುವ ಮಗು ತನ್ನ ಸರದಿಯನ್ನು ಇನ್ನೊಬ್ಬರಿಗೆ ಒಪ್ಪಿಸಿ ಹೋಗಬೇಕು. ಜವಾಬ್ದಾರಿ ಎಂಬ ಮಾತಿಗೆ ಅರ್ಥ ತಿಳಿಯುವುದು ಹೀಗೆ.

ನೀರನ್ನು ಹಾಕುವ ರೀತಿಯೂ ಮುಖ್ಯ. ಬುಡದ ಸುತ್ತ ಒಂದು ಮೊಳ ಅಗಲದ ಪಾತಿ ಮಾಡಿ, ಉದುರೆಲೆಗಳ ಮುಚ್ಚಿಗೆ ಹಾಕಬೇಕು. ಮುಚ್ಚಿಗೆ ಇದ್ದರೆ ಮಣ್ಣು ಬಿರಿಯದು, ತೇವ ಹೆಚ್ಚು ದಿನ ನಿಲ್ಲುತ್ತದೆ. ಮುಚ್ಚಿಗೆಯನ್ನು ಕಾಂಡಕ್ಕೆ ತಾಗಿಸದೆ ನಾಲ್ಕು ಬೆರಳು ದೂರವಿಡಿ. ಇನ್ನೂ ಚೆನ್ನಾದ ಉಪಾಯ ಗಡಿಗೆಯದು. ಕುಂಬಾರರಿಂದ ಬಣ್ಣ ಬಳಿಯದ ಒಂದು ಸಣ್ಣ ಮಣ್ಣಿನ ಗಡಿಗೆ ತಂದು, ಸಸಿಯ ಪಕ್ಕ ಕುತ್ತಿಗೆಯವರೆಗೆ ಹೂಳಿ, ನೀರು ತುಂಬಿ ಬಾಯಿ ಮುಚ್ಚಿ. ಗಡಿಗೆಯ ಸೂಕ್ಷ್ಮರಂಧ್ರಗಳಿಂದ ನೀರು ಮಣ್ಣಿಗೆ ಬೇಕಾದಷ್ಟೇ ಜಿನುಗುತ್ತದೆ. ಮಣ್ಣು ಒಣಗಿದ್ದರೆ ಬೇಗ, ತೇವವಿದ್ದರೆ ನಿಧಾನ. ಮೇಲ್ಮೈಯಿಂದ ಆವಿಯಾಗುವ ನಷ್ಟ ಬಹಳ ಕಡಿಮೆ.

ನೀರಿನ ಕೆಲಸದ ಜೊತೆಗೆ ತಿಂಗಳಿಗೊಂದು ಶನಿವಾರದ ಕೆಲಸಗಳೂ ಇವೆ. ಪಾರ್ಕಿನಲ್ಲಿ, ಶಾಲೆಯಂಗಳದಲ್ಲಿ ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಹೂವಾದ ಮೇಲೆ ಅದರ ಪರಾಗ ಹಲವರಿಗೆ ಕೆಮ್ಮು, ತುರಿಕೆ ತರುತ್ತದೆ. ಆದ್ದರಿಂದ ಕೈಗೆ ಚೀಲ ಸುತ್ತಿಕೊಂಡು ದೊಡ್ಡವರು ಮುಂದೆ ನಿಂತು ಮಾಡಿಸಬೇಕು. ಮರಕ್ಕೆ ಬಡಿದ ಮೊಳೆ, ಜಾಹೀರಾತಿನ ಹಲಗೆಗಳನ್ನು ಬಿಚ್ಚಬೇಕು. ಕಾಂಡ ದಪ್ಪವಾದ ಮೇಲೂ ಬಿಗಿದೇ ಇರುವ ತಂತಿಯನ್ನು ಕತ್ತರಿಸಬೇಕು. ಇಲ್ಲವಾದರೆ ತೊಗಟೆಯೊಳಗಿನ ಆಹಾರನಾಳಗಳು ತುಂಡಾಗಿ ಮರ ಒಣಗುತ್ತದೆ. ಬುಡದವರೆಗೆ ಸಿಮೆಂಟ್ ಹಾಕಲು ಬಂದರೆ ಬೇಡವೆನ್ನಬೇಕು, ಬೇರಿಗೂ ಉಸಿರಾಟವಿದೆ. ಉದುರೆಲೆಯನ್ನು ಸುಡುವುದಂತೂ ಹಣ ಸುಟ್ಟಂತೆ. ಒಂದು ಮೂಲೆಯಲ್ಲಿ ಗುಂಡಿ ತೋಡಿ ಹಾಕಿದರೆ ಮುಂದಿನ ಮಳೆಗಾಲಕ್ಕೆ ಗೊಬ್ಬರ ಸಿದ್ಧ.

ದೊಡ್ಡ ಮರ ಕಡಿಯಲು ಬಂದವರನ್ನು ಕಂಡರೆ ಜಗಳಕ್ಕಿಳಿಯಬೇಕಿಲ್ಲ. 1976 ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ, ವಿನಾಯಿತಿ ಇರುವ ಕೆಲವು ಜಾತಿಗಳನ್ನು ಬಿಟ್ಟು ಉಳಿದ ಮರ ಕಡಿಯಲು ವೃಕ್ಷಾಧಿಕಾರಿಯ ಅನುಮತಿ ಬೇಕು. ಅನುಮತಿ ಪತ್ರ ಇದೆಯೇ ಎಂದು ವಿನಯದಿಂದ ಕೇಳುವ ಹಕ್ಕು ಎಲ್ಲರಿಗೂ ಇದೆ. ಇಲ್ಲವೆಂದರೆ ಅರಣ್ಯ ಇಲಾಖೆಯ ಕಚೇರಿಗೆ ಸುದ್ದಿ ಮುಟ್ಟಿಸಬಹುದು.

ದಿನಚರಿಯಲ್ಲಿ ಒಂದು ಸಾಲು

ಕೈಕೆಲಸದ ಜೊತೆಗೆ ಕಣ್ಣಿನ ಕೆಲಸವೂ ಬೇಕು. ಜಪಾನಿನ ಕ್ಯೋಟೊ ನಗರದಲ್ಲಿ ಚೆರಿ ಹೂ ಅರಳಿದ ದಿನವನ್ನು ಒಂಬತ್ತನೆಯ ಶತಮಾನದಿಂದ ಬರೆದಿಟ್ಟಿದ್ದಾರೆ. ಬರೆದವರು ವಿಜ್ಞಾನಿಗಳಲ್ಲ. ಅರಮನೆಯವರು, ಮಠದವರು ತಮ್ಮ ದಿನಚರಿಗಳಲ್ಲಿ ಗುರುತು ಹಾಕಿಕೊಂಡದ್ದು. ಇಂದು ಅದು ಹವಾಮಾನದ ಅಮೂಲ್ಯ ದಾಖಲೆ. 2021 ರಲ್ಲಿ ಚೆರಿ ಮಾರ್ಚ್ 26 ಕ್ಕೇ ಪೂರ್ಣ ಅರಳಿತು. ಅದುವರೆಗಿನ ಸಾವಿರದ ಇನ್ನೂರು ವರ್ಷಗಳ ದಾಖಲೆಯಲ್ಲಿ ಅಷ್ಟು ಬೇಗ ಅರಳಿದ್ದೇ ಇರಲಿಲ್ಲ. ಉತ್ತರಾಖಂಡದಲ್ಲಿಯೂ ಬುರಾಂಶ್ ಕೆಲವು ವರ್ಷ ಜನವರಿಯಲ್ಲಿಯೇ ಅರಳಿದ ವರದಿಗಳಿವೆ.

ನಮ್ಮ ಮುತ್ತಲ ಐವತ್ತು ವರ್ಷದ ಹಿಂದೆ ಯಾವ ವಾರ ಅರಳುತ್ತಿತ್ತು? ಹೋಳಿಯ ಹೊತ್ತಿಗೆ ಎಂದು ಹಿರಿಯರು ಹೇಳುತ್ತಾರೆ. ಆದರೆ ಚಾಂದ್ರಮಾನದ ಹೋಳಿ ಒಂದು ವರ್ಷ ಮಾರ್ಚ್ ಮೊದಲ ವಾರ ಬಂದರೆ ಇನ್ನೊಂದು ವರ್ಷ ಕೊನೆಯ ವಾರ ಬರುತ್ತದೆ. ತಾರೀಖು ಬೇಕು. 2010 ರಲ್ಲಿ ಆರಂಭವಾದ 'ಸೀಸನ್‌ವಾಚ್' ಎಂಬ ಕಾರ್ಯಕ್ರಮ ಇದೇ ಉದ್ದೇಶದ್ದು. ಮೈಸೂರಿನಲ್ಲಿ ನೆಲೆಯಿರುವ ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆ ಅದನ್ನು ನಡೆಸುತ್ತದೆ. ಶಾಲೆಯ ಮಕ್ಕಳು ಒಂದೊಂದು ಮರವನ್ನು ಆರಿಸಿಕೊಂಡು ವಾರಕ್ಕೊಮ್ಮೆ ಎಲೆ, ಹೂ, ಕಾಯಿಗಳ ಸ್ಥಿತಿಯನ್ನು ಬರೆದು ಕಳುಹಿಸುತ್ತಾರೆ. ಕೇರಳದ ನೂರಾರು ಶಾಲೆಗಳು ಇದರಲ್ಲಿ ಭಾಗಿಯಾಗಿವೆ. ನಮ್ಮ ಶಾಲೆಗಳೂ ಸೇರಬಹುದು. ಸೇರದಿದ್ದರೂ ಒಂದು ನೂರು ಪುಟದ ನೋಟ್‌ಬುಕ್ ಸಾಕು. ಮೊದಲ ಮೊಗ್ಗು ಯಾವ ದಿನ, ಮರ ಪೂರ್ತಿ ಅರಳಿದ್ದು ಯಾವ ದಿನ, ಬಂದ ಹಕ್ಕಿ ಯಾವುದು, ಎಲೆ ಚಿಗುರಿದ್ದು ಎಂದು, ಇಷ್ಟನ್ನು ಬರೆದರಾಯಿತು. ಈ ವರ್ಷದ ಏಳನೆಯ ತರಗತಿಯವರು ಮುಂದಿನ ವರ್ಷದ ಏಳನೆಯವರಿಗೆ ಆ ಪುಸ್ತಕ ಒಪ್ಪಿಸಬೇಕು. ಹತ್ತು ವರ್ಷದಲ್ಲಿ ಅದು ಯಾವ ಪ್ರಯೋಗಾಲಯದಲ್ಲಿಯೂ ಸಿಗದ ಪುಸ್ತಕವಾಗುತ್ತದೆ.

ಮಾಡಿ ನೋಡಿ: ಹೋಳಿಯ ಬಣ್ಣ

ನೆಲಕ್ಕೆ ಬಿದ್ದ ಮುತ್ತಲ ಹೂಗಳನ್ನೇ ಆರಿಸಿ ತನ್ನಿ, ಕೊಂಬೆ ಮುರಿಯಬೇಡಿ. ನೆರಳಿನಲ್ಲಿ ಒಣಗಿಸಿ. ಎರಡು ಹಿಡಿ ಹೂವನ್ನು ಒಂದು ಲೀಟರ್ ನೀರಿನಲ್ಲಿ ಹಾಕಿ, ಮನೆಯಲ್ಲಿ ದೊಡ್ಡವರ ಸಹಾಯದಿಂದ ಹದಿನೈದು ನಿಮಿಷ ಕುದಿಸಿ, ರಾತ್ರಿಯಿಡೀ ಬಿಟ್ಟು ಸೋಸಿ. ಹಳದಿಮಿಶ್ರಿತ ಕಿತ್ತಳೆ ಬಣ್ಣದ ನೀರು ಸಿಗುತ್ತದೆ. ಮೂರು ಗಾಜಿನ ಲೋಟಗಳಲ್ಲಿ ಸ್ವಲ್ಪಸ್ವಲ್ಪ ಹಾಕಿ. ಒಂದನ್ನು ಹಾಗೆಯೇ ಇಡಿ. ಎರಡನೆಯದಕ್ಕೆ ಸುಣ್ಣದ ತಿಳಿನೀರು ಹಾಕಿ. ಬಣ್ಣ ಗಾಢವಾಗಿ ಕೆಂಪಿನತ್ತ ತಿರುಗುತ್ತದೆ. ಮೂರನೆಯದಕ್ಕೆ ನಿಂಬೆರಸ ಹಾಕಿ, ಬಣ್ಣ ತಿಳಿಹಳದಿಯಾಗುತ್ತದೆ. ಹೂವಿನಲ್ಲಿರುವ ಬ್ಯೂಟೀನ್ ಮತ್ತು ಅದರ ಬಂಧುಗಳಾದ ವರ್ಣದ್ರವ್ಯಗಳು ಆಮ್ಲ, ಪ್ರತ್ಯಾಮ್ಲಗಳಿಗೆ ಹೀಗೆ ಬಣ್ಣ ಬದಲಿಸುತ್ತವೆ. ಅರಿಸಿನ ಮಾಡುವ ಕೆಲಸವನ್ನೇ ಇದೂ ಮಾಡುತ್ತದೆ. ಸುಣ್ಣದ ನೀರು ಪ್ರಯೋಗಕ್ಕೆ ಮಾತ್ರ. ಮೈಗೆ, ಕಣ್ಣಿಗೆ ತಾಗಬಾರದು. ಓಕುಳಿಗೆ ಮೊದಲ ಲೋಟದ ಬಣ್ಣವೇ ಸಾಕು. ಹಿಂದಿನವರು ಹೋಳಿ ಆಡುತ್ತಿದ್ದದ್ದು ಅದರಿಂದಲೇ.

ಪಾಲಕರಿಗೆ ಒಂದು ಮಾತು

ಪರೀಕ್ಷೆಯ ತಿಂಗಳಲ್ಲಿ ಗಿಡ ಮರ ಎಂದರೆ ತಂದೆತಾಯಂದಿರಿಗೆ ಸಿಟ್ಟು ಬರುವುದು ಸಹಜ. ಆದರೆ ಮೇಲಿನ ಸಾಲುಗಳನ್ನು ಇನ್ನೊಮ್ಮೆ ನೋಡಿ. ಪಿಎಚ್ ಮೌಲ್ಯ, ಸೂಚಕಗಳು, ಬಾಷ್ಪವಿಸರ್ಜನೆ, ಪರಾಗಸ್ಪರ್ಶ, ಕಂಪನ, ಬೀಜಪ್ರಸಾರ, ಇವೆಲ್ಲ ಪಠ್ಯದಲ್ಲಿ ಇರುವ ವಿಷಯಗಳೇ. ಬಾಯಿಪಾಠ ಮಾಡಿದರೆ ಪರೀಕ್ಷೆಯ ಮರುದಿನ ಮರೆತುಹೋಗುತ್ತವೆ. ಒಂದು ಮರದ ಕೆಳಗೆ ನಿಂತು ಕಲಿತರೆ ಜನ್ಮವಿಡೀ ಉಳಿಯುತ್ತವೆ.

ಈ ಬೇಸಿಗೆ ರಜೆಗೆ ಮಕ್ಕಳನ್ನು ಯಾವ ಶಿಬಿರಕ್ಕೆ ಸೇರಿಸುವುದು ಎಂದು ಯೋಚಿಸುವ ಮುನ್ನ, ಮನೆಯಿಂದ ನೂರು ಹೆಜ್ಜೆಯೊಳಗೆ ಬಾಡುತ್ತಿರುವ ಒಂದು ಸಸಿ ಇದೆಯೇ ಎಂದು ನೋಡಿ. ಅದು ಸರ್ಕಾರದ್ದೋ, ಪಂಚಾಯಿತಿಯದೋ, ಶಾಲೆಯದೋ ಎಂದು ಕೇಳುವುದು ಬೇಡ. ನಿಮ್ಮ ಮಗುವಿಗೆ ಅದನ್ನು ಒಪ್ಪಿಸಿ, ಜೊತೆಗೆ ತರಕಾರಿ ತೊಳೆದ ಒಂದು ತಂಬಿಗೆ ನೀರು ಕೊಡಿ. ಜೂನ್ ಮೊದಲ ಮಳೆ ಬೀಳುವವರೆಗೆ ಅದನ್ನು ಉಳಿಸಿದರೆ ಮುಂದಿನದನ್ನು ನೆಲವೇ ನೋಡಿಕೊಳ್ಳುತ್ತದೆ.